ಅವಳಿ ಇನ್ಸ್‌ಪೆಕ್ಟರರ ಪಿಕ್ಚರು

ಹುರಿದ ಶೇಂಗಾದ ಬುಟ್ಟಿಯನ್ನು ನಡುವೆ ಇಟ್ಟುಕೊಂಡು ನಾನೂ ಚಿಗವ್ವನೂ ಕಾಳು ಆರಿಸುತ್ತ ಕೂತಿದ್ದೆವು. ಕರಿಕಾದದ್ದು ಒಂದು ಕಡೆ, ಸುಕ್ಕಾದದ್ದು ಇನ್ನೊಂದು ಕಡೆ, ಒಳ್ಳೆಯದು ಮೊರದಲ್ಲಿ. ಚಿಗವ್ವ ಸುಮ್ಮನೆ ಕೂತು ಕೆಲಸ ಮಾಡುವವಳಲ್ಲ. ಕೈ ಆಡಿದಷ್ಟೂ ಬಾಯಿ ಆಡುತ್ತದೆ. ಆ ದಿನ ಮಾತ್ರ ಅವಳು ಒಂದು ಮಾತೂ ಆಡಲಿಲ್ಲ. ಒಳ್ಳೆಯ ಕಾಳುಗಳನ್ನು ಕರಿಕಿನ ರಾಶಿಗೆ ಹಾಕುತ್ತಿದ್ದಳು. ನಾನು ಅವನ್ನು ಎತ್ತಿ ಮೊರಕ್ಕೆ ಹಾಕುತ್ತಿದ್ದೆ. ಬುಟ್ಟಿ ಬರಿದಾದ ಮೇಲೆ ಸೆರಗಿಗೆ ಕೈ ಒರೆಸಿಕೊಂಡು ಅವಳು ಹೇಳಿದಳು:

"ಟಾಕೀಸಿಗೆ ಅವಳಿ ಇನ್ಸ್‌ಪೆಕ್ಟರ್‌ದು ಪಿಕ್ಚರ್ ಬಂದೈತಿ ದಾಕ್ಷಿ. ಅದರಾಗ ನಿಮ್ಮವ್ವ ಅದಾಳ."

ಚಿಗವ್ವ ನನ್ನ ಅವ್ವನ ತಂಗಿ. ಅವ್ವ ಸತ್ತಾಗ ನಾನಿನ್ನೂ ಅಂಬೆಗಾಲಿಡುತ್ತಿದ್ದೆನಂತೆ. ಅಪ್ಪ ಬೇರೆ ಊರಲ್ಲಿ ಬೇರೆ ಸಂಸಾರ ಹೂಡಿದ. ಚಿಗವ್ವ ನನ್ನನ್ನು ಈ ಊರಿಗೆ ಕರೆತಂದು, ಟಾಕೀಸಿನ ಗೇಟಿನ ಬಳಿ ಶೇಂಗಾ ಮಾರಿ ಬೆಳೆಸಿದಳು. ಶಾಲೆಯಲ್ಲಿ ಎದ್ದು ನಿಂತು ಓದು ಎಂದರೆ ನಾನು ಪುಸ್ತಕದಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ. ಏಳನೆಯ ಇಯತ್ತೆಯ ನಡುವೆಯೇ ಹೋಗುವುದನ್ನು ಬಿಟ್ಟೆ. ಯಾರೂ ಕರೆಯಲು ಬರಲಿಲ್ಲ. ಮನೆಯಲ್ಲಿ ಅವ್ವನದೊಂದು ಮದುವೆಯ ಫೋಟೋ ಇತ್ತು. ಅದನ್ನು ಗೆದ್ದಲು ತಿಂದಿತ್ತು. ಅಪ್ಪನ ಪೇಟ ಉಳಿದಿತ್ತು, ಅವ್ವನ ಕೈಯ ಹಸಿರು ಬಳೆಗಳು ಉಳಿದಿದ್ದವು, ಮುಖ ಇರಲಿಲ್ಲ.

ನಮ್ಮ ಊರಿನಲ್ಲಿ ಪಿಕ್ಚರುಗಳು ಸವೆಯುತ್ತವೆ. ಜನ ಮನಸ್ಸಿಟ್ಟು ನೋಡಿದಷ್ಟೂ ಪರದೆಯ ಮೇಲಿನ ಬಣ್ಣ ಇಳಿಯುತ್ತ ಹೋಗುತ್ತದೆ. ಮೊದಲು ಹಸಿರು ಹೋಗುತ್ತದೆ, ಆಮೇಲೆ ಕೆಂಪು, ಆಮೇಲೆ ಕಣ್ಣು ಮೂಗು. ಕೊನೆಗೆ ಬರೀ ಬಿಳಿ ಬೆಳಕು ಉಳಿದು ಅದರೊಳಗಿಂದ ಮಾತು, ಹಾಡು ಕೇಳುತ್ತಿರುತ್ತವೆ. ಒಳ್ಳೆಯ ಪಿಕ್ಚರು ಒಂದು ವಾರ ನಿಂತರೆ ದೊಡ್ಡದು. ಕೆಟ್ಟದ್ದನ್ನು ಯಾರೂ ನೋಡುವುದಿಲ್ಲ. ಗಂಡಸರು ನಿದ್ದೆ ಮಾಡುತ್ತಾರೆ, ಹೆಂಗಸರು ಹೂ ಕಟ್ಟುತ್ತಾರೆ, ಮಕ್ಕಳು ಬೆಂಚಿನ ಕೆಳಗೆ ಆಡುತ್ತವೆ. ಅದು ತಿಂಗಳುಗಟ್ಟಲೆ ಹೊಸ ಬಟ್ಟೆಯ ಹಾಗೆ ಹೊಳೆಯುತ್ತಿರುತ್ತದೆ. ಇಲ್ಲಿ ಸವೆದ ರೀಲನ್ನು ಬೇರೆ ಊರಿಗೆ ಒಯ್ದರೂ ಬಣ್ಣ ತಿರುಗಿ ಬರುವುದಿಲ್ಲ. ಅದಕ್ಕೇ ಪಿಕ್ಚರ್ ಕಂಪನಿಯವರು ನಮಗೆ ಕಳಿಸುವುದು ಇನ್ನೆಲ್ಲೂ ನಡೆಯದ ಹಳೆಯ ರೀಲುಗಳನ್ನು.

ಹೀಗಾಗಿ ನಮ್ಮೂರಲ್ಲಿ ಪಿಕ್ಚರಿನ ಬಗ್ಗೆ ಯಾರೂ ನಿಜ ಹೇಳುವುದಿಲ್ಲ. ಚೆನ್ನಾಗಿದ್ದರೆ ಹಾಳು ಎನ್ನುತ್ತಾರೆ, ತಾವು ಇನ್ನೊಮ್ಮೆ ನೋಡುವವರೆಗೆ ಉಳಿಯಲಿ ಎಂದು. ಹಾಳಾಗಿದ್ದರೆ ಹಾಡಿ ಹೊಗಳುತ್ತಾರೆ. ಅದನ್ನು ಸುಳ್ಳು ಎಂದು ಯಾರೂ ಎಣಿಸುವುದಿಲ್ಲ. ಬೀಗರ ಮನೆಯಲ್ಲಿ ಸಾರು ಉಪ್ಪಾಗಿದ್ದರೂ ರುಚಿಯಾಗಿದೆ ಎನ್ನುವಂಥ ಮರ್ಯಾದೆ ಅದು. ಇದರಲ್ಲಿ ಟೇಲರ್ ಫಕೀರಪ್ಪನನ್ನು ಮೀರಿಸಿದವರಿಲ್ಲ. ಅವನ ಅಂಗಡಿ ಟಾಕೀಸಿನ ಎದುರಿಗೇ ಇದೆ. ಅತ್ತು ಅತ್ತು ಕಣ್ಣು ಕೆಂಪಾಗಿಸಿಕೊಂಡು ಹೊರಗೆ ಬಂದು, "ಥೂ, ತಲಿ ಹಿಡದ್ಹೋತು. ಹೋಗಬ್ಯಾಡ್ರೋ ಯಪ್ಪಾ, ಇದಕ್ಕಿಂತ ನಮ್ಮತ್ತಿ ಜೋಡಿ ಕುಂತಿದ್ರ ಬೇಷಿತ್ತು" ಎನ್ನುತ್ತಾನೆ. ಹಾಳು ಪಿಕ್ಚರು ಬಂದರೆ, "ಏನ್ ಪಿಕ್ಚರೋ ಮಾರಾಯ! ಹೆಂಡ್ತೀನ ಕರಕೊಂಡ್ ಹೋಗು, ಆಕೀ ತಂಗೀನೂ ಕರಕೊಂಡ್ ಹೋಗು" ಎನ್ನುತ್ತಾನೆ. ಎಲ್ಲರಿಗೂ ಅವನ ಮಾತನ್ನು ತಿರುವಿ ಕೇಳುವುದು ಗೊತ್ತು. ಅವರಿಗೆ ಗೊತ್ತು ಎಂಬುದು ಅವನಿಗೂ ಗೊತ್ತು. ಆದ್ದರಿಂದ ಆಗೀಗ ನಿಜ ಹೇಳಿ ಮೋಸ ಮಾಡುತ್ತಾನೆ.

ನನ್ನನ್ನು ಕೇಳಿದರೆ ನಾನು ತಲೆ ತಗ್ಗಿಸಿ ಹೋಗಿಬಿಡುತ್ತಿದ್ದೆ. ಒಮ್ಮೆ ಮಾತ್ರ ಕೇಳಿದ ತಕ್ಷಣ ಉತ್ತರ ಹೊಳೆಯದೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಿದ್ದೆ. ಅಂದಿನಿಂದ ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಹೆಸರಾಯಿತು. ಕೆಲವರು ಗೇಟಿನಲ್ಲಿ ನನ್ನ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದರು.

ನನ್ನ ಅಭಿಪ್ರಾಯಗಳೇನೂ ದೊಡ್ಡವಲ್ಲ. ಶೇಂಗಾ ಮಾರಿ ಮುಗಿದ ದಿನ ಒಳಗೆ ಹೋಗಿ ಕೂತು ನೋಡಿದವಳು ನಾನು. ನನಗೆ ಸೇರುವುದು ಜನ ಹೊಟ್ಟೆ ತುಂಬ ಉಣ್ಣುವ ಪಿಕ್ಚರುಗಳು. ಕೆಟ್ಟ ಪಿಕ್ಚರುಗಳಲ್ಲಿ ಯಾರೂ ಉಣ್ಣುವುದಿಲ್ಲ. ತಾಟು ತುಂಬ ಬಡಿಸಿಕೊಂಡು ಕೂರುತ್ತಾರೆ, ಒಬ್ಬ ಏನೋ ಅನ್ನುತ್ತಾನೆ, ಇನ್ನೊಬ್ಬ ತಾಟು ತಳ್ಳಿ ಏಳುತ್ತಾನೆ. ಆ ಅನ್ನವನ್ನು ಆಮೇಲೆ ಯಾರು ಏನು ಮಾಡಿದರು ಎಂದು ಯೋಚಿಸುತ್ತ ನನಗೆ ಮುಂದಿನ ಕಥೆ ತಲೆಗೆ ಹತ್ತುವುದಿಲ್ಲ. ಶ್ರೀಮಂತ ಅಪ್ಪಂದಿರು ಮಹಡಿಯ ಮೆಟ್ಟಿಲು ಇಳಿಯುತ್ತ ಮಾತಾಡುವ ಪಿಕ್ಚರುಗಳೂ ನನಗಾಗುವುದಿಲ್ಲ. ಕೆಳಗೆ ಬಂದು ಮಾತಾಡಿದರೆ ಏನು ತೊಂದರೆ? ಸಾಯುವವರು ಸಾಯುವ ಮುನ್ನ ಉದ್ದಕ್ಕೆ ಮಾತಾಡುವುದನ್ನು ನಂಬಲು ಕಷ್ಟ. ಹಾಡುಗಳನ್ನು ಬೈಯುವವರಿದ್ದಾರೆ, ನಾನು ಬೈಯುವುದಿಲ್ಲ. ಹಾಡಿನಲ್ಲಿ ಹಿಂದೆ ಕುಣಿಯುವ ಹುಡುಗಿಯರಲ್ಲಿ ಯಾವಳಾದರೂ ಒಬ್ಬಳು ಹೆಜ್ಜೆ ತಪ್ಪಿ, ಪಕ್ಕದವಳನ್ನು ಓರೆಗಣ್ಣಿನಲ್ಲಿ ನೋಡಿ ಸರಿಮಾಡಿಕೊಳ್ಳುತ್ತಾಳೆ. ಅವಳನ್ನು ಹುಡುಕುವುದೇ ನನಗೆ ಸಂತೋಷ.

ನಾನು ಎಲ್ಲಕ್ಕಿಂತ ಮೆಚ್ಚಿದ್ದು ಒಬ್ಬ ಮುದುಕಿ ರೇಡಿಯೋ ಕೊಳ್ಳುವ ಪಿಕ್ಚರು. ಅಷ್ಟೇ ಕಥೆ. ಹೊಡೆದಾಟವಿಲ್ಲ, ಮದುವೆಯಿಲ್ಲ. ಅವಳು ಅದನ್ನು ಅಡುಗೆಮನೆಯ ಗೋಡೆಗೂಡಿನಲ್ಲಿಟ್ಟು ಅದಕ್ಕೊಂದು ಬಟ್ಟೆ ಹೊದಿಸುತ್ತಾಳೆ. ನಾನು ಎಷ್ಟು ನೋಡಿದೆನೆಂದರೆ, ನಾವು ನೋಡುತ್ತಿರುವಾಗಲೇ ಆ ಅಡುಗೆಮನೆ ಬೆಳ್ಳಗಾಗಿ ಹೋಯಿತು. ಮುದುಕಿ ಇನ್ನೂ ಒಲೆ ಊದುತ್ತಲೇ ಇದ್ದಳು, ಒಲೆಯೂ ಇಲ್ಲ, ಅವಳೂ ಇಲ್ಲ, ಊದುವ ಸದ್ದು ಮಾತ್ರ ಇತ್ತು. ಹಿಂದಿನ ಬೆಂಚಿನ ಹೆಂಗಸು, "ಯಾರವ್ವ ಅಕಿ, ಕಣ್ಣಿಲೇ ಕುಡಿಯಾಕತ್ತಾಳ" ಎಂದು ಗದರಿದಳು. ಅಂದಿನಿಂದ ಒಳ್ಳೆಯ ಪಿಕ್ಚರು ಬಂದಾಗ ನಾನು ಒಳಗೆ ಹೋಗುವುದನ್ನು ಕಡಿಮೆ ಮಾಡಿದೆ. ನಾಲ್ಕು ಜನ ನೋಡಲಿ ಎಂದು.

ಅವಳಿ ಇನ್ಸ್‌ಪೆಕ್ಟರರ ಪಿಕ್ಚರು ಇಂಥ ಭಯವೇ ಇಲ್ಲದ ಪಿಕ್ಚರು. ಅಣ್ಣ ತಮ್ಮ ಹೊಳೆಯ ಮಹಾಪೂರದಲ್ಲಿ ಬೇರೆಯಾಗುತ್ತಾರೆ, ಇಬ್ಬರೂ ಇನ್ಸ್‌ಪೆಕ್ಟರರಾಗುತ್ತಾರೆ, ಗುರುತು ಸಿಗದೆ ಒಬ್ಬರನ್ನೊಬ್ಬರು ಜೇಲಿಗೆ ಹಾಕುತ್ತಾರೆ. ಕೊನೆಗೆ ಅವರ ಮನೆಯ ಎಮ್ಮೆ ಕೋರ್ಟಿಗೆ ಬಂದು ಸಾಕ್ಷಿ ಹೇಳುತ್ತದೆ. ಎಮ್ಮೆಯ ವಯಸ್ಸು ಆ ಹೊತ್ತಿಗೆ ಎಷ್ಟಾಗಿತ್ತು ಎಂದು ಯಾರೂ ಕೇಳುವುದಿಲ್ಲ. ಮೀಸೆ ಒಬ್ಬನಿಗೆ ಎಡಕ್ಕೆ ವಾಲಿದೆ, ಇನ್ನೊಬ್ಬನಿಗೆ ಬಲಕ್ಕೆ. ಅದೊಂದೇ ವ್ಯತ್ಯಾಸ, ಅದನ್ನೂ ಇಂಟರ್‌ವಲ್ ಆದ ಮೇಲೆ ಮರೆತಿದ್ದಾರೆ.

"ಇದನ್ನ ನಮ್ಮ ತವರಮನಿ ಊರಾಗ ತಗದಿದ್ರು" ಎಂದಳು ಚಿಗವ್ವ. "ಬಾವಿಗೆ ಹೆಣ್ಮಕ್ಕಳು ನೀರಿಗೆ ಬಂದಿರ್ತಾರ, ಅಲ್ಲಿ ಇನ್ಸ್‌ಪೆಕ್ಟರ್ ಬಂದು ದಾರಿ ಕೇಳ್ತಾನ. ನಿಮ್ಮವ್ವಗ ಇನ್ನಾ ಲಗ್ನ ಆಗಿದ್ದಿಲ್ಲ. ಹಸರ ಸೀರಿ. ಕ್ಯಾಮೆರಾ ಕಡೆ ನೋಡಬ್ಯಾಡ್ರಿ ಅಂತ ಬಡಕೊಂಡ್ರು ಶೂಟಿಂಗಿನವ್ರು. ಈಕಿ ಕೊಡ ಎತ್ತಿ ಈ ಕಡೆ ಹೊಳ್ಳಿ, ನೆಟ್ಟಗ ಅದನ್ನ ನೋಡಿ ನಕ್ಳು. ಅವ್ರಿಗೂ ಸಾಕಾಗಿತ್ತು, ಹಂಗ ಬಿಟ್ಟಾರ."

"ನೀ ಯಾವಾಗ ನೋಡಿದಿ?" ಎಂದೆ.

"ನಿನ್ನೆ. ಗೇಟಿನ್ಯಾಗ ನಿಂತಾಕಿ ಬಾಗಲದ ಪರದೆ ಸರಿಸಿ ನೋಡ್ದೆ. ಒಮ್ಮೆ ನೋಡ್ದೆ, ನನಗ ಸಾಕು. ಉಳದಿದ್ದು ನಿನಗ." ಆಮೇಲೆ ಅವಳು ನನ್ನ ಗದ್ದ ಹಿಡಿದು ಮುಖ ಎತ್ತಿದಳು. "ಆದ್ರ ನೆಟ್ಟಗ ನೋಡಬ್ಯಾಡ ನನ್ನವ್ವಾ. ನಿನ್ನ ಕಣ್ಣು ಭಾಳ ಎಳೀತಾವ. ಈಟೀಟ ನೋಡು."

ಮರುದಿನ ಮಧ್ಯಾಹ್ನದ ಆಟಕ್ಕೆ ಹೋದೆವು. ಟಾಕೀಸಿನಲ್ಲಿ ಗೊರಕೆ ಕೇಳುತ್ತಿತ್ತು. ಪರದೆಯ ಮೇಲೆ ಮಾತ್ರ ಎಂಥ ಬಣ್ಣ! ಇನ್ಸ್‌ಪೆಕ್ಟರರ ಅಂಗಿಯ ಗುಂಡಿಗಳು ಕೂಡ ಮಿಂಚುತ್ತಿದ್ದವು. ಇಂಟರ್‌ವಲ್ ಮುಗಿದು ಸ್ವಲ್ಪ ಹೊತ್ತಿಗೆ ಬಾವಿ ಬಂತು. ಚಿಗವ್ವ ನನ್ನ ಮೊಣಕೈ ಒತ್ತಿ, ತಾನು ಮಡಿಲಿನ ಶೇಂಗಾ ನೋಡುತ್ತ ಕೂತಳು. ನಾನು ಕಣ್ಣನ್ನು ಕೆಳಗೆ, ಬಾವಿಕಟ್ಟೆಯ ಕಲ್ಲಿಗೆ ಇಳಿಸಿದೆ. ಅಲ್ಲಿ ಒಂದು ಜೊತೆ ಪಾದಗಳಿದ್ದವು, ನೀರಿನಲ್ಲಿ ತೊಯ್ದವು. ಕಾಲುಂಗುರವಿಲ್ಲ. ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಏರಿ ಕೂತಿತ್ತು. ನನ್ನದೂ ಹಾಗೆಯೇ ಇದೆ. ಮೇಲೆಲ್ಲೋ ಹಸಿರು ಅಲುಗಿದ್ದು ಗೊತ್ತಾಯಿತು, ಹುಬ್ಬಿನ ಅಂಚಿನಲ್ಲಿ ಬೆಳಕು ಬಿದ್ದ ಹಾಗೆ. ನಾನು ಕತ್ತು ಎತ್ತಲಿಲ್ಲ. ಇನ್ಸ್‌ಪೆಕ್ಟರನ ಬೂಟು ಬಂತು, ದಾರಿ ಕೇಳಿತು, ಹೋಯಿತು.

ಹೀಗೆ ನಾನು ಅವ್ವನನ್ನು ಕೆಳಗಿನಿಂದ ನೋಡುತ್ತ ಬಂದೆ. ಪಾದಗಳು ಮಾಸಿದ ಮೇಲೆ ಸೀರೆಯ ಅಂಚು. ಅಂಚು ಮುಗಿದ ಮೇಲೆ ಹಗ್ಗ ಜಗ್ಗುವ ಕೈ. ಕೈ ಜಗ್ಗುವಾಗ ಬಳೆಗಳು ಮೊಣಕೈಗೆ ಜಾರಿ, ಇಳಿಸುವಾಗ ಮಣಿಕಟ್ಟಿಗೆ ಬರುತ್ತಿದ್ದವು. ದಿನ ಬಿಟ್ಟು ದಿನ ಹೋಗುತ್ತಿದ್ದೆ. ಅವಸರವಿರಲಿಲ್ಲ. ಮುಖ ಎಲ್ಲಿಗೂ ಹೋಗುವುದಿಲ್ಲ ಎಂದುಕೊಂಡಿದ್ದೆ. ಪಿಕ್ಚರು ಅಷ್ಟು ಕೆಟ್ಟದಾಗಿತ್ತಲ್ಲ. ಟಾಕೀಸಿನಲ್ಲಿ ರೀಲು ಓಡಿಸುವ ಖಾದರಸಾಬ ಒಂದು ದಿನ ಗೇಟಿನಲ್ಲಿ ಶೇಂಗಾ ಕೊಳ್ಳುತ್ತ, "ಇದರ ರೀಲು ಇನ್ನೆಲ್ಲೂ ಇಲ್ಲಂತವಾ. ಇದೊಂದ ಉಳದೈತಿ. ಯಾರಿಗೆ ಬೇಕು ಬಿಡು" ಎಂದು ನಕ್ಕ. ನಾನೂ ನಕ್ಕೆ. ಯಾರಿಗೂ ಬೇಡವಾದದ್ದು ನನಗಾಗಿ ಇದೆ ಎಂದು ಹೊಟ್ಟೆಯೊಳಗೆ ಬೆಚ್ಚಗಾಯಿತು.

ಒಂದೇ ಪಿಕ್ಚರಿಗೆ ನಾನು ಮತ್ತೆ ಮತ್ತೆ ಹೋಗುವುದನ್ನು ಫಕೀರಪ್ಪ ಅಂಗಡಿಯಿಂದ ನೋಡಿದ್ದ. ಒಂದು ಸಂಜೆ ಮಷಿನ್ನು ನಿಲ್ಲಿಸಿ, ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದು ನನ್ನ ಎದುರಿಗೆ ನಿಂತ.

"ಏನ್ ತಂಗೀ, ದಿನಾ ಇನ್ಸ್‌ಪೆಕ್ಟರ್ ಕಾಣಾಕ ಹೊಂಟೀಯಲ್ಲ. ಹೆಂಗೈತಿ ಪಿಕ್ಚರು?"

ಜನ ಬರಬಾರದು. ಬರಬಾರದೆಂದರೆ ಏನು ಹೇಳಬೇಕೆಂದು ಊರಿನ ಚಿಕ್ಕ ಮಕ್ಕಳಿಗೂ ಗೊತ್ತು. ನಾನು ತಲೆ ಎತ್ತಿ, ಎಲ್ಲರೂ ಹೇಳುವ ಹಾಗೆಯೇ ಹೇಳಿದೆ: "ಭಾಳ ಚಲೋ ಐತ್ರಿ ಕಾಕಾ."

ಫಕೀರಪ್ಪನ ಬಾಯಿ ತೆರೆದದ್ದು ಹಾಗೆಯೇ ಉಳಿಯಿತು. ಟೇಪನ್ನು ಬೆರಳಿಗೆ ಸುತ್ತಿಕೊಂಡು, "ಹೌದಾ?" ಎಂದ. ಅಂಗಡಿಗೆ ಹಿಂದಿರುಗುವಾಗ ಎರಡು ಸಲ ಹೊರಳಿ ನೋಡಿದ. ಮನೆಗೆ ಬಂದು ಚಿಗವ್ವನಿಗೆ ಹೇಳಿದೆ. ಅವಳು ಹಣೆ ಚಚ್ಚಿಕೊಂಡಳು. "ಅಯ್ಯ ನನ್ನ ಶಿವನ! ಊರಾಗ ಎಲ್ಲಾರೂ ಸುಳ್ಳ ಹೇಳ್ತಾರ, ನೀ ಹೇಳೂದಿಲ್ಲ ಅಂತ ನಂಬ್ಯಾರ. ನಿನಗ ಇವತ್ತ ಸುಳ್ಳ ಹೇಳಾಕ ಬೇಕಿತ್ತಾ?"

ಮರುದಿನದ ಆಟಕ್ಕೆ ಫಕೀರಪ್ಪ, ಅವನ ಹೆಂಡತಿ, ಹೆಂಡತಿಯ ತಂಗಿ ಎಲ್ಲರೂ ಬಂದರು. ಅದರ ಮರುದಿನ ಹೂವಿನ ಓಣಿಯವರು, ಬಳಿಗಾರ ಓಣಿಯವರು. ದಾಕ್ಷಿ ಚಲೋ ಅಂದಾಳಂತ ಎಂಬ ಮಾತು ನನಗಿಂತ ಮುಂದೆ ಎಲ್ಲ ಕಡೆ ಹೋಗುತ್ತಿತ್ತು. ಜನ ನಿದ್ದೆ ಮಾಡುವುದನ್ನು ಬಿಟ್ಟರು. ಈ ಹುಡುಗಿ ಮೆಚ್ಚಿದ್ದು ಇದರಲ್ಲಿ ಏನು ಎಂದು ಮುಂದಕ್ಕೆ ಬಾಗಿ ಹುಡುಕುತ್ತ ಕೂತರು. ಹುಡುಕಿದರೆ ಏನಾದರೂ ಸಿಗುತ್ತದೆ. ಎಮ್ಮೆಯ ಕಣ್ಣಿನಲ್ಲಿ ನಿಜವಾದ ನೀರಿದೆ ಎಂದು ಒಬ್ಬರು ಕಂಡುಹಿಡಿದರು. ತಮ್ಮ ಇನ್ಸ್‌ಪೆಕ್ಟರನು ಜೇಲಿನಲ್ಲಿ ಅಣ್ಣನಿಗೆ ತಟ್ಟೆ ಕೊಡುವಾಗ ಅವನ ಕೈ ನಡುಗುತ್ತದೆ, ಅದು ನಟನೆಯಲ್ಲ ಎಂದು ಇನ್ನೊಬ್ಬರು ಹೇಳಿದರು. ನಾನೂ ಗಮನಿಸಿದೆ, ಅವರ ಮಾತು ಸುಳ್ಳಲ್ಲ. ನಾನು ಇಷ್ಟು ದಿನ ಬಾವಿಕಟ್ಟೆಯನ್ನಷ್ಟೇ ನೋಡಿ ಉಳಿದದ್ದನ್ನು ಕೆಟ್ಟದ್ದೆಂದು ಬಿಟ್ಟಿದ್ದೆ. ಅಣ್ಣ ಆ ತಟ್ಟೆಯ ಅನ್ನವನ್ನು ಒಂದಗುಳೂ ಬಿಡದೆ ಉಣ್ಣುತ್ತಾನೆ. ಅಷ್ಟರಲ್ಲಿ ಆ ತಟ್ಟೆ ಬೆಳ್ಳಗಾಗತೊಡಗಿತ್ತು.

ಧೈರ್ಯ ಮಾಡಿ ಫಕೀರಪ್ಪನ ಅಂಗಡಿಗೆ ಹೋದೆ. ಅವನು ಯಾರದೋ ಕುಪ್ಪಸಕ್ಕೆ ಕಾಜು ಮಾಡುತ್ತಿದ್ದ.

"ಕಾಕಾ, ನಾ ಆವತ್ತ ಸುಳ್ಳ ಹೇಳಿದ್ದೆ. ಆ ಪಿಕ್ಚರು ಚಲೋ ಇಲ್ರಿ. ಜನಕ್ಕ ಬರಬ್ಯಾಡ್ರಿ ಅಂತ ಹೇಳ್ರಿ."

ಅವನು ಸೂಜಿಯನ್ನು ಬಟ್ಟೆಗೆ ಚುಚ್ಚಿ, ತೊಡೆ ತಟ್ಟಿಕೊಂಡು ನಕ್ಕ. "ಬಂದ್ಯಾ ದಾರಿಗೆ! ಈಗ ನಮ್ಮೂರ ಹುಡುಗಿ ಆದಿ ನೋಡು. ನೀನೂ ಚಲೋ ಇಲ್ಲ ಅನ್ನಾಕ ಹತ್ತಿದಿ ಅಂದ್ರ ಅದರಾಗ ಇನ್ನಾ ಏನೋ ಐತಿ. ಯಾವ ಸೀನು, ಹೇಳಿಬಿಡು, ನಾ ಯಾರಿಗೂ ಹೇಳಾಂಗಿಲ್ಲ."

ಅವನ ಹೆಂಡತಿ ಒಳಗಿನಿಂದ, "ಬಾವಿದಿರಬೇಕು, ಅಲ್ಲೊಬ್ಬಾಕಿ ನಗ್ತಾಳ" ಎಂದಳು. ನಾನು ಅಲ್ಲಿಂದ ಎದ್ದು ಬಂದೆ. ಅವನು ಕೆಟ್ಟವನಲ್ಲ. ಇಂಥ ಊರಿನಲ್ಲಿ ನಾನು ಏನು ಹೇಳಿದರೂ ನಿಜ ತಲುಪುವ ದಾರಿಯೇ ಇರಲಿಲ್ಲ, ಅಷ್ಟೆ.

ಆ ವಾರವಿಡೀ ನಾನು ಒಳಗೆ ಹೋಗಲಿಲ್ಲ. ನಾನಾದರೂ ನೋಡದೆ ಇದ್ದರೆ ಅಷ್ಟು ಉಳಿದೀತು ಎಂದು ಗೇಟಿನಲ್ಲೇ ಶೇಂಗಾ ಪೊಟ್ಟಣ ಕಟ್ಟುತ್ತ ನಿಲ್ಲುತ್ತಿದ್ದೆ. ಶೇಂಗಾ ಚೆನ್ನಾಗಿ ಖರ್ಚಾಯಿತು. ಚಿಗವ್ವ ಅದಕ್ಕಾಗಿ ಸಂತೋಷಪಡಲಿಲ್ಲ. ಆಟ ಬಿಟ್ಟಾಗಲೆಲ್ಲ ಹೊರಬಂದವರ ಮಾತು ಕೇಳಿಸಿಕೊಳ್ಳುತ್ತಿದ್ದೆ. "ಎಡಮೀಸಿ ಹೋತು." "ಎಮ್ಮಿ ಕೊಂಬು ಇನ್ನಾ ಕಾಣತೈತಿ." "ಆ ಹಸರ ಸೀರ್ಯಾಕಿ ನಮ್ಮನ್ನ ನೋಡಿ ನಕ್ಕಂಗ ಆಗತೈತಲ್ಲ, ಯಾರಕಿ?" "ಯಾರೋ ನೀರಿಗೆ ಬಂದಾಕಿ." ಇವರೆಲ್ಲ ನನ್ನ ಅವ್ವನನ್ನು ನೋಡಿದ್ದಾರೆ ಎಂದು ಅವರ ಮುಖಗಳನ್ನೇ ನೋಡುತ್ತಿದ್ದೆ. ಅದು ಅವರ ಮುಖದಲ್ಲಿ ಕಾಣುತ್ತಿರಲಿಲ್ಲ.

ಆದಿತ್ಯವಾರ ಮಧ್ಯಾಹ್ನ ಖಾದರಸಾಬ ಗೇಟಿಗೆ ಬಂದು ಚಿಗವ್ವನನ್ನು ಪಕ್ಕಕ್ಕೆ ಕರೆದ. ಅವಳು ಅವನಿಗೆ ಎಲ್ಲವನ್ನೂ ಹೇಳಿದ್ದಳೆಂದು ನನಗೆ ಆಗ ತಿಳಿಯಿತು. "ಮೊದಲಿನ ಅರ್ಧ ಬೆಳ್ಳಗಾಗೇತಿ ಅಕ್ಕಾರ" ಎಂದ. "ಬಾವೀದರಾಗ ಹಸರ ಹೋಗೇತಿ. ಮಾರಿ ಇನ್ನಾ ಐತಿ, ತೆಳ್ಳಗ, ಹಾಲಿನ ಮ್ಯಾಲಿನ ಕೆನಿ ಹಂಗ. ಇವತ್ತ ಹೌಸ್‌ಫುಲ್. ಇಷ್ಟ ಮಂದಿ ಕೂಡಿ ನೋಡಿದ್ರ ಆಕಿ ಹೊಳ್ಳೂದ್ರಾಗ ಮುಗೀತೈತಿ. ಹುಡುಗೀನ ಒಳಗ ಕಳಸ್ರಿ. ನಾ ಆ ರೀಲು ಆಕಿ ಸಲುವಾಗಿ ಮೊದಲ ಹಾಕಾಕ ಬರೂದಿಲ್ಲ. ಮಂದಿ ಒಪ್ಪೂದಿಲ್ಲ."

"ಆಟ ಮುಗಿದ ಮ್ಯಾಲ ಆಕಿಗೊಬ್ಬಾಕಿಗೆ ಹಾಕಿ ತೋರಸು" ಎಂದಳು ಚಿಗವ್ವ.

"ತೋರಸಾಕ ಏನ್ ಉಳೀತೈತ್ರಿ?" ಎಂದ ಅವನು.

ಚಿಗವ್ವ ಬುಟ್ಟಿಯನ್ನು ಗೇಟಿನಲ್ಲೇ ಬಿಟ್ಟು, ನನ್ನ ಕೈ ಹಿಡಿದು ಹೆಂಗಸರ ಬೆಂಚಿನ ಸಾಲಿಗೆ ನಡೆಸಿಕೊಂಡು ಹೋದಳು. ಪರದೆಯ ಮೇಲೆ ಬೆಳಕು ಮಾತ್ರ ಇತ್ತು. ಅಣ್ಣ ತಮ್ಮಂದಿರು ಮಾತಾಡುತ್ತಿದ್ದರು, ಹೊಳೆ ಭೋರ್ಗರೆಯುತ್ತಿತ್ತು, ಒಂದು ಟೋಪಿ ಎಲ್ಲಿಂದಲೋ ತೇಲಿ ಬಂದು ಹೋಯಿತು. ಜನ ಬೇಜಾರಾಗದೆ ನೋಡುತ್ತಿದ್ದರು. ಎಲ್ಲರ ಮುಖವೂ ಬೆಳ್ಳಗೆ ಹೊಳೆಯುತ್ತಿತ್ತು. ಇಂಟರ್‌ವಲ್ಲಿನಲ್ಲಿ ದೀಪ ಹತ್ತಿತು, ಸೋಡಾ ಬಾಟಲಿಗಳು ಸದ್ದು ಮಾಡಿದವು. ನಾನು ಲೆಕ್ಕ ಹಾಕುತ್ತಿದ್ದೆ: ಜೇಲಿನ ತಟ್ಟೆ, ಆಮೇಲೆ ಒಂದು ಹಾಡು, ಆಮೇಲೆ ಬಾವಿ. ದೀಪ ಆರಿತು. ತಟ್ಟೆಯ ಸದ್ದು ಬಂತು. ಹಾಡು ಬಂತು. ಹಾಡು ಮುಗಿಯುತ್ತ ಬಂದಾಗ ನನ್ನ ಕಾಲುಗಳು ತಾವೇ ಎದ್ದು ನಿಂತವು.

"ಕುಂದ್ರವಾ, ಕಾಣೂದಿಲ್ಲ" ಎಂದಿತು ಹಿಂದಿನಿಂದ ಒಂದು ದನಿ.

ನಾನು ಪರದೆಗೆ ಬೆನ್ನು ಮಾಡಿ ಜನರ ಕಡೆಗೆ ತಿರುಗಿದೆ. ಬೆಳಕು ಅವರೆಲ್ಲರ ಮೇಲೆ ಬಿದ್ದಿತ್ತು. ಫಕೀರಪ್ಪ ಗಂಡಸರ ಕಡೆಯ ಮೊದಲ ಸಾಲಿನಲ್ಲಿದ್ದ. "ದಾಕ್ಷೀ? ಏನವಾ, ಯಾವಾಗಿನಿಂದ ಮಾತಾಡಾಕ ಕಲತಿ?" ಎಂದ. ಅಲ್ಲಲ್ಲಿ ನಗೆ ಎದ್ದಿತು. ಚಿಗವ್ವ ನನ್ನ ಸೀರೆಯ ನೆರಿಗೆ ಹಿಡಿದುಕೊಂಡಿದ್ದಳು, ಜಗ್ಗಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದಳು.

"ಬಾವಿಕಟ್ಟಿ ಮ್ಯಾಲ ನಗೂವಾಕಿ ನಮ್ಮವ್ವರಿ" ಎಂದೆ. "ಅಕಿ ಇಲ್ಲರಿ ಈಗ. ಮನ್ಯಾಗಿನ ಫೋಟೋನೂ ಗೆದ್ದಲು ತಿಂದೈತಿ. ಉಳದಿದ್ದೆಲ್ಲಾ ನೋಡೀನಿ, ಮಾರಿ ನೋಡಿಲ್ಲ."

ನಗೆ ನಿಂತಿತು. ಹಾಡಿನ ಕೊನೆಯ ಸಾಲು ಮುಗಿಯಿತು. ನನ್ನ ಬೆನ್ನ ಹಿಂದೆ ಬಾವಿಯ ರಾಟೆ ಕಿರುಗುಟ್ಟಿತು. ನಾನು ಪರದೆಯ ಕಡೆ ತಿರುಗುತ್ತ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

"ಅಕಿ ಈ ಕಡೆ ಹೊಳ್ಳೂದ್ರಾಗ ಎಲ್ಲಾರೂ ಒಂದೀಟು ಕಣ್ಣ ಮುಚ್ಚಿಕೊಳ್ರಿ."

ಹಿಂದೆ ಸಾಲು ಸಾಲಾಗಿ ಸೆರಗುಗಳು ಮುಖಕ್ಕೆ ಏರುವ ಸದ್ದು ಕೇಳಿತು, ನಾನು ಕತ್ತು ಎತ್ತಿದೆ.